ಗೊಣಗಾಟಕ್ಕೆ ಕಿವಿಗೊಡುವ ಶಾಂತಿ: ‘ಫ್ರತೆಲ್ಲಿ ತುತ್ತಿ’ಯ ಒಂದು ಮರು ಓದು

ಪೋಪ್ ಫ್ರಾನ್ಸಿಸ್ ಅವರು 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಮಾಡಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದ ಏಳನೆಯ ಅಧ್ಯಾಯವು ಶಾಂತಿಯನ್ನು ಎರಡು ಬಗೆಯಲ್ಲಿ ಕಾಣುತ್ತದೆ: ಸಂಸ್ಥೆಗಳು ಕಟ್ಟುವ ವಾಸ್ತುಶಿಲ್ಪವಾಗಿ, ಪ್ರತಿಯೊಬ್ಬರೂ ಕೈಯಾರೆ ಮಾಡುವ ಕಸುಬಾಗಿ. ಈ ವಿಂಗಡಣೆ ಬೆಲೆಯುಳ್ಳದ್ದು. ಆದರೆ ವಿಶ್ವಪತ್ರದ ಒಲವು ಎರಡನೆಯದರ ಕಡೆಗೇ ಹೆಚ್ಚು. ಕೆಳಹಂತದವರು ಮಾಡಬಲ್ಲದ್ದನ್ನು ಮೇಲಿನವರು ಕಸಿಯಬಾರದೆಂಬ ತತ್ವವನ್ನು ಅದು ನೆನೆಯುತ್ತದೆ, ನಿಜ. ಆದರೂ ‘ಸ್ಥಳೀಯ’ ಎಂಬುದು ಅಲ್ಲಿ ಬಹುಮಟ್ಟಿಗೆ ನೆರೆಹೊರೆ, ಸಂಸ್ಕೃತಿ, ಬೇರುಗಳ ಹೆಸರು. ಲೆಕ್ಕಪುಸ್ತಕವನ್ನು ತೆರೆದಿಡಬೇಕಾದ ಆಡಳಿತದ ಹೆಸರಾಗುವುದು ವಿರಳ. ಹಲಗೇರಿಯ ಸುತ್ತಲಿನ ನಾಡಿನಿಂದ ಓದುವವರಿಗೆ ಈ ಕೊರತೆ ತಟ್ಟನೆ ಕಾಣುತ್ತದೆ.

2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ಬೆಳೆಗಾರರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಎರಡೂ ಕಡೆ ಜಗಳ ಜಾತಿಮತಗಳದ್ದಲ್ಲ, ಹಂಚಿಕೆಯದು, ದರದ್ದು: ಯಾರಿಗೆ ಎಷ್ಟು ಸಿಕ್ಕಿತು, ಯಾರು ನಿರ್ಧರಿಸಿದರು, ಏಕೆ? ಸಕಾಲದಲ್ಲಿ ಕೇಳಿ ಉತ್ತರ ಪಡೆಯುವ ತಾಣವಿಲ್ಲದಾಗ ಪ್ರಶ್ನೆ ಬೀದಿಗೆ ಬರುತ್ತದೆ. ಇಂಥಲ್ಲಿಗೆ ಸಹೋದರತ್ವದ ಉಪದೇಶವನ್ನಷ್ಟೇ ಒಯ್ದರೆ ನೊಂದವರಿಗೆ ಅದು ‘ಸುಮ್ಮನಿರಿ’ ಎಂದಂತೆಯೇ ಕೇಳಿಸುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವು ಇಲ್ಲಿ ವಿಶ್ವಪತ್ರಕ್ಕಿಂತ ಮುಂದೆ ಹೋಗುತ್ತದೆ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರು ಕಡೆಗಣನೆಗೆ ಒಳಗಾದರು, ಗೊಣಗಾಟ ಎದ್ದಿತು. ಲೂಕನು ಬಳಸಿದ ಪದ ‘ಗೊಂಗುಸ್ಮೋಸ್’ (ಕನ್ನಡದ ಕಿವಿಗೆ ಅದು ಪರಕೀಯವೆನಿಸದು!). ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಮರುಭೂಮಿಯ ಇಸ್ರಯೇಲರ ಗೊಣಗಾಟಕ್ಕೂ ಇದೇ ಪದ. ಆದರೆ ಪ್ರೇಷಿತರು ಇದನ್ನು ಅವಿಶ್ವಾಸವೆಂದು ಗದರಲಿಲ್ಲ. ಸಮುದಾಯವನ್ನೆಲ್ಲ ಕರೆದು ಆಯ್ಕೆಯನ್ನು ಅದಕ್ಕೇ ಬಿಟ್ಟರು. ಆಯ್ಕೆಯಾದ ಏಳು ಮಂದಿಯ ಹೆಸರುಗಳೂ ಗ್ರೀಕ್. ದೂರಿದವರ ಕಡೆಯವರ ಕೈಗೇ ಸಟ್ಟುಗ ಬಂದಿತು.

ಆದರೂ ಆ ಏಳರಲ್ಲಿ ಒಬ್ಬ ವಿಧವೆಯೂ ಇಲ್ಲ. ಈ ವಿಷಯದಲ್ಲಿ ನಮ್ಮ ಪಂಚಾಯತಿ ಜೆರುಸಲೇಮನ್ನು ಹಿಂದಿಕ್ಕಿದೆ: ಅಬ್ದುಲ್ ನಜೀರ್ ಸಾಬರ ಕಾಲದ 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ, 2010ರಿಂದ ಶೇ. 50. ಪತ್ನಿ ಅಧ್ಯಕ್ಷೆಯಾಗಿ ಪತಿ ಅಧಿಕಾರ ನಡೆಸುವ ಪ್ರಸಂಗಗಳಿದ್ದರೂ ಕಾನೂನಿನಲ್ಲಿ ಕುರ್ಚಿ ಆಕೆಯದೇ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಎರಡು ಗ್ರಾಮಸಭೆಗಳ ನಡುವಿನ ಅಂತರ ಆರು ತಿಂಗಳನ್ನು ಮೀರುವಂತಿಲ್ಲ. ಗೊಬ್ಬರದ ಸರಬರಾಜಾಗಲಿ ಮೆಣಸಿನಕಾಯಿಯ ದರವಾಗಲಿ ಪಂಚಾಯತಿಯ ಕೈಯಲ್ಲಿಲ್ಲ. ಆದರೆ ಲೆಕ್ಕ ಕೇಳುವ, ಕೊಡುವ ರೂಢಿ ಬೆಳೆಯಬೇಕಾದದ್ದು ಆ ಕಟ್ಟೆಯ ಮೇಲೆಯೇ.

ಧರ್ಮಸಭೆಯಲ್ಲಿ? 1983ರ ಕಾನೂನು ಸಂಹಿತೆಯ 537ನೆಯ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯ ಮಾಡಿದೆ. 1287ನೆಯ ವಿಧಿಯು ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು, ಸ್ಥಳೀಯ ಧರ್ಮಸಭೆಯ ನಿಯಮಗಳಿಗೆ ಅನುಸಾರವಾಗಿ, ಭಕ್ತರಿಗೇ ಒಪ್ಪಿಸಬೇಕೆನ್ನುತ್ತದೆ. ಪಾಲನಾ ಸಮಿತಿಗೆ 536ನೆಯ ವಿಧಿ ಕೊಟ್ಟಿರುವುದು ಸಲಹೆಯ ಅಧಿಕಾರ ಮಾತ್ರ. ಗುರುಮಠದ ತರಗತಿಯಲ್ಲಿ ‘ಫ್ರತೆಲ್ಲಿ ತುತ್ತಿ’ಯನ್ನು ಬೋಧಿಸುವಾಗ ಈ ಮೂರು ವಿಧಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳಿರೆಂದು ಪ್ರಬೋಧನೆ ಮಾಡಿದ ಗುರುವನ್ನು, ಬಲಿಪೂಜೆ ಮುಗಿದ ಮೇಲೆ ಯಾರಾದರೂ ಧರ್ಮಕೇಂದ್ರದ ಲೆಕ್ಕವನ್ನೂ ಕೇಳಬಹುದು.