ಗೆದ್ದದ್ದು ಹಾಡೋ, ಹುಡುಗನೋ?

ನಮ್ಮ ಗಡಿನಾಡಿನಂತೆಯೇ ಕನ್ನಡ ಉಳಿಸಿಕೊಂಡ ಇನ್ನೊಂದು ನೆಲೆ ಗೋವೆಯ ಮಡಗಾಂವಿನ ಮೋತಿ ಡೊಂಗರ್. ದುಡಿಮೆಗೆಂದು ಉತ್ತರ ಕರ್ನಾಟಕದಿಂದ ಬಂದವರ ಗುಡ್ಡ ಅದು. ಹನುಮಂತ ಲಮಾಣಿ ಅವರ ಸೀಮೆಯ ಹುಡುಗ. ಸವಣೂರು ತಾಲೂಕು ಚಿಲ್ಲೂರು ಬಡ್ನಿಯ ಈ ಕುರಿಗಾಹಿ 2019ರಲ್ಲಿ ಜೀ ಕನ್ನಡದ 'ಸರಿಗಮಪ'ದಲ್ಲಿ ಎರಡನೆಯವನಾದ. ಬಯಲಲ್ಲಿ ಪಳಗಿದ ಆ ಏರುದನಿ ಜನಪದ ಹಾಡಿಗೆ ಹೇಳಿ ಮಾಡಿಸಿದ್ದು. ಆದರೆ ವೇದಿಕೆ ಕಂಠಕ್ಕಿಂತ ಅವನ ಲುಂಗಿಯನ್ನು, ಮುಗ್ಧತೆಯನ್ನು ಹೆಚ್ಚು ಮೆರೆಸಿತೆಂಬುದು ನನ್ನ ತಕರಾರು. (ಲುಂಗಿ ಉಟ್ಟವನಿಗೆ ಶ್ರುತಿ ಬೇರೆಯೇ?) 2025ರ ಜನವರಿಯಲ್ಲಿ ಆತ ಕನ್ನಡ 'ಬಿಗ್ ಬಾಸ್'ನ ಹನ್ನೊಂದನೆಯ ಆವೃತ್ತಿ ಗೆದ್ದ. ಸಂತೋಷವೇ. ಅಲ್ಲಿ ಜನ ತೂಗಿದ್ದು ಸ್ವಭಾವವನ್ನು, ಸ್ವರವನ್ನಲ್ಲ. ಹಾಡುಗಾರನ ದೊಡ್ಡ ಗೆಲುವು ಹಾಡಿನ ಹೊರಗೆ ಸಿಕ್ಕಿತೆಂದರೆ ಕೊರತೆ ಅವನದಲ್ಲ. ಆ ದನಿಯ ಅಳತೆಗೆ ಹಾಡು ಕಟ್ಟಬೇಕಾದವರು ನಮ್ಮ ಸಂಗೀತ ನಿರ್ದೇಶಕರು.