ಹತ್ತರಲ್ಲಿ ಒಂದು ಅಂಕ

ಹರ್ನಿಯಾ ಆಪರೇಷನ್ ಆದ ಮರುದಿನ ಅಮ್ಮ ಕೆಮ್ಮು ಬಂದಾಗಲೆಲ್ಲ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದಳು. ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದರೆ ‘ತಡ್ಕೋತೀನಿ ಬಿಡಮ್ಮ’ ಎನ್ನುವಳು. ಟ್ರಮಡಾಲ್ ಕೊಟ್ಟ ಮೇಲೆ ನೋವು ತಗ್ಗಿತು, ಆದರೆ ವಾಂತಿ ಶುರುವಾಯಿತು. ಒಂದೊಂದು ಸಲ ಓಕರಿಸಿದಾಗಲೂ ಹೊಲಿಗೆ ಜಗ್ಗುತ್ತಿತ್ತು. ಸುಜೆಟ್ರಿಜಿನ್ ಎಂಬ ನೋವಿನ ಮಾತ್ರೆಯ ಬಗ್ಗೆ ಓದಲು ಕುಳಿತಾಗ ನನ್ನ ಕಣ್ಣ ಮುಂದಿದ್ದದ್ದು ಆ ದಿಂಬು.

2025ರ ಜನವರಿ 30ರಂದು ಅಮೆರಿಕದ ಎಫ್‌ಡಿಎ ಒಪ್ಪಿದ ಮಾತ್ರೆ ಇದು. ವರ್ಟೆಕ್ಸ್ ಕಂಪನಿ ಜರ್ನಾವಿಕ್ಸ್ ಹೆಸರಿನಲ್ಲಿ ಮಾರುತ್ತದೆ. ಮಾರ್ಫಿನ್, ಟ್ರಮಡಾಲ್‌ಗಳ ಕೆಲಸ ಮುಖ್ಯವಾಗಿ ಮಿದುಳು, ಬೆನ್ನುಹುರಿಗಳಲ್ಲಿ ನಡೆಯುವುದರಿಂದ ಮಂಪರು, ವಾಕರಿಕೆ, ಚಟದ ಭಯ ಬೆನ್ನಿಗೇ ಬರುತ್ತವೆ. ಸುಜೆಟ್ರಿಜಿನ್ ತಡೆಯುವುದು ನೋವನ್ನು ಒಯ್ಯುವ ಹೊರಗಿನ ನರಗಳಲ್ಲಿರುವ ಒಂದು ಸೋಡಿಯಂ ಬಾಗಿಲನ್ನು. ಅದರ ಹೆಸರು ಎನ್‌ಎವಿ1.8. ಗಾಯದ ಸುದ್ದಿ ಮಿದುಳು ಮುಟ್ಟುವ ಮೊದಲೇ ಕುಂದುತ್ತದೆ. ಈ ಆಲೋಚನೆಗೆ ನಾನು ಮನಸಾರೆ ಮಣಿಯುತ್ತೇನೆ.

ತಕರಾರು ಇರುವುದು ಇದನ್ನು ಹೊಗಳುವ ರೀತಿಯ ಬಗ್ಗೆ. ಪರೀಕ್ಷೆ ನಡೆದದ್ದು ಎರಡು ಆಪರೇಷನ್‌ಗಳ ನಂತರ: ಹೊಟ್ಟೆಯ ಜೋಲುಚರ್ಮ ತೆಗೆಯುವುದು, ಕಾಲಿನ ಹೆಬ್ಬೆರಳ ಬುಡದ ಗಂಟು ತೆಗೆಯುವುದು. ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಜನ. 48 ಗಂಟೆಗಳ ಉದ್ದಕ್ಕೂ ನೋವು ಇಳಿದದ್ದನ್ನು ಕೂಡಿದಾಗ, ಹೊಟ್ಟೆಯ ಪರೀಕ್ಷೆಯಲ್ಲಿ ಮಾತ್ರೆಗೆ 118.4, ಔಷಧಿಯಿಲ್ಲದ ಹುಸಿಮಾತ್ರೆಗೆ 70.1. ವ್ಯತ್ಯಾಸವನ್ನು 48ರಿಂದ ಭಾಗಿಸಿ ನೋಡಿ: ನರ್ಸ್ ಕೇಳುವ ಆ ಹತ್ತರ ಅಳತೆಯಲ್ಲಿ ಸರಾಸರಿ ಒಂದು ಅಂಕ. ಕಾಲಿನದರಲ್ಲಿ ಅಷ್ಟೂ ಇಲ್ಲ. ಅಲ್ಲಿ ಹೋಲಿಕೆಗೆಂದು ಕೊಟ್ಟ, ಮಾರ್ಫಿನ್ ಜಾತಿಯ ಹೈಡ್ರೊಕೊಡೋನ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಜೋಡಿಮಾತ್ರೆಯೇ ಮುಂದಿತ್ತು. ಸಯಾಟಿಕಾ ನೋವಿನ ಒಂದು ಪರೀಕ್ಷೆಯಲ್ಲಂತೂ ಹುಸಿಮಾತ್ರೆಗೂ ಇದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ.

ನನಗೆ ಇನ್ನೂ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎರಡನ್ನೂ ಹೊತ್ತಿಗೆ ಸರಿಯಾಗಿ ತಗೊಂಡವರ ಎದುರು ಈ ಮಾತ್ರೆಯನ್ನು ಆ ಪರೀಕ್ಷೆಗಳಲ್ಲಿ ನಿಲ್ಲಿಸಲಿಲ್ಲ. ಆಪರೇಷನ್ ಆದವರ ನೋವಿಗೆ ಡಾಕ್ಟರು ಮೊದಲು ಬರೆಯುವುದೇ ಇಂಥವನ್ನು. ಪರೀಕ್ಷೆಗಳಲ್ಲಿ ನೋವು ತಾಳದವರಿಗೆ ಮಧ್ಯೆ ಕೊಟ್ಟದ್ದೂ ಐಬುಪ್ರೊಫೆನ್ನೇ. ಹೊಸ ಮಾತ್ರೆಯೊಂದಕ್ಕೆ ಅಮೆರಿಕದಲ್ಲಿ ಇಟ್ಟ ಬೆಲೆ 15.50 ಡಾಲರ್, ಮೊದಲು ಎರಡು, ಆಮೇಲೆ 12 ಗಂಟೆಗೊಂದು. ಅಷ್ಟು ಹಣ ತೆರುವವರಿಗೆ ಈ ಹೋಲಿಕೆಯ ಉತ್ತರ ಸಿಗಲೇಬೇಕು.

ಹಾಗೆಂದು ಪಕ್ಕಕ್ಕೆ ತಳ್ಳುವ ಔಷಧಿ ಇದಲ್ಲ. ಅಲ್ಸರ್, ಕಿಡ್ನಿ ತೊಂದರೆಯಿಂದ ಐಬುಪ್ರೊಫೆನ್ ತಗೊಳ್ಳಲಾಗದವರಿದ್ದಾರೆ, ಚಟದಿಂದ ಕಷ್ಟಪಟ್ಟು ಹೊರಬಂದವರಿದ್ದಾರೆ. ಇಂಥವರ ಮಟ್ಟಿಗೆ ಡಾಕ್ಟರ ಕೈಯಲ್ಲಿ ಇನ್ನೊಂದು ದಾರಿ ಇದೆ. ಹೊಟ್ಟೆಯ ಪರೀಕ್ಷೆಯಲ್ಲಿ ಜೋಡಿಮಾತ್ರೆ ತಗೊಂಡವರಿಗಿಂತ ಇದನ್ನು ತಗೊಂಡವರಲ್ಲಿ ವಾಕರಿಕೆ ಕಡಿಮೆ ಇತ್ತು. ಆ ಸಾಲನ್ನು ನಾನು ಎರಡು ಸಲ ಓದಿದೆ. ಅಮ್ಮನಿಗೆ ಆ ದಿನ ನೋವು ಒಂದೇ ಅಂಕ ಇಳಿದಿದ್ದರೂ, ವಾಂತಿಯಾಗದೆ ಗಂಜಿ ಒಳಗೆ ನಿಂತಿದ್ದರೆ ಸಾಕಿತ್ತು.