ಅನಂತನಾಗ್ ಮತ್ತು ಇಬ್ಬರು ಅಪ್ಪಂದಿರು

2025ರ ಜನವರಿಯಲ್ಲಿ ಅನಂತನಾಗ್ ಅವರಿಗೆ ಪದ್ಮಭೂಷಣ ಘೋಷಣೆಯಾದಾಗ ಪುಣೆಯ ನಮ್ಮ ಬೆಳಗಿನ ವಾಕಿಂಗ್ ಬಳಗದಲ್ಲಿ ಎರಡು ದಿನ ಅದೇ ಮಾತು. ನಾವು ನಾಲ್ಕೈದು ಜನ ಕನ್ನಡದವರು, ಎಲ್ಲರೂ ನಿವೃತ್ತರು. ಒಬ್ಬರು "ಕೊನೆಗೂ ಕೊಟ್ರಲ್ಲ" ಅಂದರು. ಇನ್ನೊಬ್ಬರು ಹಳೆಯ ರಾಗವನ್ನೇ ತೆಗೆದರು: "ಆ ಮನುಷ್ಯ ಮುಂಬೈ ಬಿಟ್ಟು ಹೋಗಬಾರದಿತ್ತು ಕಣ್ರೀ. ಇಲ್ಲೇ ಇದ್ದಿದ್ದರೆ ಎಲ್ಲಿಗೋ ಹೋಗಿಬಿಡ್ತಿದ್ದ." ನಾನು ಸುಮ್ಮನಿದ್ದೆ. ಒಂದು ಕಾಲದಲ್ಲಿ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ನಾನೇ.

ನಾನು ಓದಿದ್ದು ಎಂ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಹಾಗಾಗಿ ಯಾರ ಬದುಕನ್ನು ನೋಡಿದರೂ ಜಮಾ-ಖರ್ಚು ಹಾಕುವ ಚಟ. ಅನಂತನಾಗರ ಹಿಂದಿ ಖಾತೆಯನ್ನೇ ನೋಡಿ. 1974ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಅಂಕುರ್'. ಆಮೇಲೆ 'ನಿಶಾಂತ್', 'ಮಂಥನ್', 'ಭೂಮಿಕಾ', 'ಕೊಂಡುರಾ', 'ಕಲಿಯುಗ್'. ಏಳೆಂಟು ವರ್ಷಗಳಲ್ಲಿ ಇಷ್ಟು ಜಮಾ ಮಾಡಿದ ಕನ್ನಡ ನಾಡಿನ ನಟ ಇನ್ನೊಬ್ಬನಿಲ್ಲ, ಗಿರೀಶ ಕಾರ್ನಾಡರನ್ನು ಬಿಟ್ಟರೆ. 'ಅಂಕುರ್'ನ ಸೂರ್ಯ ಪೇಟೆಯಲ್ಲಿ ಓದಿ, ಅಪ್ಪನ ಒತ್ತಾಯಕ್ಕೆ ಜಮೀನು ನೋಡಿಕೊಳ್ಳಲು ಹಳ್ಳಿಗೆ ಬಂದ ಜಮೀನ್ದಾರನ ಮಗ. ಕೆಲಸದಾಕೆ ಲಕ್ಷ್ಮಿಯ ಸಂಗ ಮಾಡುತ್ತಾನೆ, ಅವಳು ಬಸಿರಾದಾಗ ಕೈಬಿಡುತ್ತಾನೆ, ಕೊನೆಗೆ ಅವಳ ಮೂಗ ಗಂಡನನ್ನು ಚಾಟಿಯಿಂದ ಹೊಡೆಯುತ್ತಾನೆ. ಹೊಸಬನಾದ ನಟ ಇಂಥ ಪಾತ್ರದಲ್ಲಿ ಒಂದೋ ಖಳನಾಗುತ್ತಾನೆ, ಇಲ್ಲವೇ ಪ್ರೇಕ್ಷಕರ ಕನಿಕರ ಬೇಡುತ್ತಾನೆ. ಅನಂತನಾಗ್ ಎರಡೂ ಮಾಡಲಿಲ್ಲ. ಹೊಡೆಯುವಾಗ ಆ ಮುಖದಲ್ಲಿ ಇರುವುದು ಕ್ರೌರ್ಯಕ್ಕಿಂತ ಹೆಚ್ಚಾಗಿ ಹೆದರಿಕೆ. ದುರ್ಬಲ ಮನುಷ್ಯನನ್ನು ಅವನ ಪರ ವಕಾಲತ್ತು ಮಾಡದೆ ತೋರಿಸುವುದು ಸುಲಭವಲ್ಲ.

'ಮಂಥನ್' (1976) ಅಂತೂ ನಮ್ಮಂಥ ಬ್ಯಾಂಕಿನವರು ಮರೆಯಲಾಗದ ಚಿತ್ರ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ಮಾಡಿದ್ದು. ಕಾರ್ನಾಡರು ಅದರಲ್ಲಿ ಡಾಕ್ಟರ್ ರಾವ್, ಅನಂತನಾಗ್ ಅವರ ತಂಡದ ಹುಡುಗ ಚಂದಾವರ್ಕರ್.

ಆದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರ ದುಡಿಮೆಯ ದೊಡ್ಡ ಪಾಲು ಕನ್ನಡಕ್ಕೆ ಬಂದಿತ್ತು. 'ಬಯಲು ದಾರಿ', 'ನಾ ನಿನ್ನ ಬಿಡಲಾರೆ', 'ಚಂದನದ ಗೊಂಬೆ'. ನಡುವೆ ತಮ್ಮ ಶಂಕರನಾಗ್ ನಿರ್ದೇಶನದ 'ಮಿಂಚಿನ ಓಟ', ಎಂ.ಎಸ್. ಸತ್ಯು ಅವರ 'ಬರ'. ಆಮೇಲೆ 'ಗಣೇಶನ ಮದುವೆ', 'ಗೌರಿ ಗಣೇಶ'ದಂಥ ನಗೆಚಿತ್ರಗಳು. ನಾನಾಗ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿದ್ದೆ. ಇವುಗಳ ಕ್ಯಾಸೆಟ್ ಬಾಡಿಗೆಗೆ ತಂದು, ಹೊಟ್ಟೆ ಹುಣ್ಣಾಗುವಂತೆ ನಕ್ಕು, ಕೊನೆಗೆ "ಅಯ್ಯೋ, ಬೆನೆಗಲ್ ಕೈಯಲ್ಲಿ ಪಳಗಿದವನು ವಠಾರದ ಬಾಡಿಗೆದಾರ ಆಗಿಬಿಟ್ಟನಲ್ಲ" ಎಂದು ಪೇಚಾಡುತ್ತಿದ್ದೆ. ಬಡ್ತಿ ಬೇಡವೆಂದು ಊರಿನ ಶಾಖೆಗೆ ವರ್ಗ ಬರೆಸಿಕೊಂಡ ಆಫೀಸರನ ಹಾಗೆ ಕಾಣುತ್ತಿದ್ದರು ಅವರು ನನಗೆ.

ಈ ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯಲು ನನಗೆ ಎರಡು ಪಾತ್ರಗಳು, ಮೂವತ್ತು ವರ್ಷ ಬೇಕಾಯಿತು.

ಮೊದಲನೆಯದು 1986-87ರ 'ಮಾಲ್ಗುಡಿ ಡೇಸ್'ನಲ್ಲಿ ಬಂದ 'ಮಿಠಾಯಿವಾಲಾ'. ಆರ್.ಕೆ. ನಾರಾಯಣರ ಕಥೆ, ಶಂಕರನಾಗ್ ನಿರ್ದೇಶನ, ದೂರದರ್ಶನದಲ್ಲಿ ಹಿಂದಿ ಮಾತು. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ನನ್ನ ಊರು ತೀರ್ಥಹಳ್ಳಿ ಸೀಮೆ, ಆಗುಂಬೆ ಅಲ್ಲಿಂದ ದೂರವಲ್ಲ. ಡೊಂಬಿವಲಿಯ ಒಂದು ಕೋಣೆಯಲ್ಲಿ ಕೂತು ನಮ್ಮ ಹಂಚಿನ ಮನೆ, ನಮ್ಮ ಜಗುಲಿ ಹಿಂದಿ ಮಾತಾಡುವುದನ್ನು ನೋಡುವಾಗ ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಗುತ್ತಿತ್ತು. ಪಕ್ಕದ ಮನೆಯ ಮರಾಠಿಯವರಿಗೆ "ಅದು ನಮ್ಮ ಕಡೆ" ಎಂದು ತೋರಿಸಿದ್ದೇ ತೋರಿಸಿದ್ದು.

ಆ ಕಥೆಯಲ್ಲಿ ಅನಂತನಾಗ್ ಜಗನ್, ಮಿಠಾಯಿ ಅಂಗಡಿಯವನು. ಮಗ ಮಾಲಿ ಅಮೆರಿಕಕ್ಕೆ ಹೋಗುತ್ತಾನೆ. ವಾಪಸು ಬರುವಾಗ ಜೊತೆಯಲ್ಲೊಬ್ಬ ವಿದೇಶಿ ಹೆಂಗಸು, ತಲೆಯಲ್ಲಿ ಕಥೆ ಬರೆಯುವ ಯಂತ್ರದ ಕನಸು. ಯಂತ್ರಕ್ಕೆ ಅಪ್ಪನ ದುಡ್ಡು ಬೇಕು. ಆಗ ಅನಂತನಾಗರಿಗೆ ನಲವತ್ತೂ ತುಂಬಿರಲಿಲ್ಲ, ಪಾತ್ರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಮುದುಕರನ್ನು ಅಭಿನಯಿಸುವವರು ಸಾಮಾನ್ಯವಾಗಿ ಬೆನ್ನು ಬಗ್ಗಿಸಿ ಕೆಮ್ಮುತ್ತಾರೆ. ಇವರು ವಯಸ್ಸನ್ನು ಮಾತಿನ ತಡವರಿಕೆಯಲ್ಲಿಟ್ಟರು. ಮಗನೆದುರು ಬಂದಾಗ ಹೇಳಬೇಕೆಂದುಕೊಂಡ ಮಾತು ಗಂಟಲಿನ ತನಕ ಬಂದು ನಿಲ್ಲುತ್ತದೆ. ಅದೇ ಜಗನ್ ಬೇರೆಯವರ ಹತ್ತಿರ ಮಗನ ಸುದ್ದಿಯನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾನೆ.

ಆ ಕಂತುಗಳು ಬರುವಾಗ ಅಪ್ಪಯ್ಯ ನಮ್ಮ ಮನೆಯಲ್ಲಿದ್ದರು. ಒಂದು ತಿಂಗಳು ಇದ್ದು ಹೋಗಲಿಕ್ಕೆಂದು ಬಂದವರು. ಅವರಿಗೆ ಹಿಂದಿ ಒಂದಕ್ಷರ ಬಾರದು. ನಾನು ಅರ್ಥ ಹೇಳಲು ಹೋದರೆ ಕೈ ಅಡ್ಡ ಮಾಡಿ, "ಗೊತ್ತಾಗ್ತದೆ, ಸುಮ್ಮನಿರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಗ ಮಾತಾಡಿಸೋದಿಲ್ಲ, ಅಷ್ಟೇ ಅಲ್ವನೋ ಕಥೆ?" ಎಂದು ಕೇಳಿದರು. ನಟನ ಮುಖ ನೋಡಿಯೇ ಅವರು ಅಷ್ಟನ್ನೂ ತಿಳಿದುಕೊಂಡಿದ್ದರು. ನಾನು ನಕ್ಕೆ. ನನಗಾಗ ಮಾಲಿಯ ಮೇಲೆ ಪ್ರೀತಿ. ಹಳೆಯ ಅಂಗಡಿಯಲ್ಲಿ ಕೂರದೆ ಹೊರಗೆ ಹೋದನಲ್ಲ, ಅದಕ್ಕೆ. ತಿಂಗಳು ಮುಗಿಯುವ ಮೊದಲೇ ಅಪ್ಪಯ್ಯ "ತೋಟದ ಕೆಲಸ ಇದೆ" ಎಂದು ಬಸ್ಸು ಹತ್ತಿದರು.

1993ರಲ್ಲಿ ಶಿವಮೊಗ್ಗಕ್ಕೆ ಹೋಗುವ ಅವಕಾಶ ನನಗೆ ಬಂದಿತ್ತು. ಬಡ್ತಿ ಕೈತಪ್ಪುತ್ತದೆ, ಮಗನ ಶಾಲೆ ಹಾಳಾಗುತ್ತದೆ ಎಂದು ಬೇಡವೆಂದೆ. ಅಪ್ಪಯ್ಯನಿಗೆ ಪತ್ರದಲ್ಲಿ "ಬ್ಯಾಂಕಿನವರು ಬಿಡುತ್ತಿಲ್ಲ" ಎಂದು ಬರೆದೆ. ಬ್ಯಾಂಕಿನ ಮೇಲೆ ಹಾಕಿದ ಆ ಸುಳ್ಳು ನನ್ನದೇ. 1999ರಲ್ಲಿ ಅವರು ತೀರಿಕೊಂಡರು.

ಎರಡನೆಯ ಪಾತ್ರ 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'ವಿನ ವೆಂಕೋಬ ರಾವ್. ಹೇಮಂತ್ ರಾವ್ ನಿರ್ದೇಶನ. ಆಲ್‌ಝೈಮರ್ ಆದ ಅಪ್ಪ ಬೆಂಗಳೂರಿನ ಆರೈಕೆ ಮನೆಯಲ್ಲಿ, ಮಗ ಶಿವ ಕೆಲಸದ ಮೇಲೆ ಮುಂಬೈಯಲ್ಲಿ. ನೋಡಲು ಬಂದ ಮಗ ಹೊರಗೆ ಕರೆದುಕೊಂಡು ಹೋದಾಗ ಅಪ್ಪ ಕಳೆದುಹೋಗುತ್ತಾನೆ. ಕಾಣೆಯಾದವರ ಪ್ರಕಟಣೆಯ ಭಾಷೆಯೇ ಚಿತ್ರದ ಹೆಸರು. ಮಗನಿಗೆ ಅಪ್ಪನ ಬಗ್ಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂಬುದೇ ಕಥೆ. ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ರೌಡಿಗಳ ಎಳೆ ನನಗೆ ಉದ್ದವಾಯಿತು ಅನ್ನಿಸಿತು. ಆದರೆ ಅನಂತನಾಗ್ ಮರೆವನ್ನು ಅಭಿನಯಿಸುವುದಿಲ್ಲ. ನೆನಪಿಗೆ ಸಿಕ್ಕ ತುಣುಕನ್ನು ಹಿಡಿದು ಖುಷಿಯಾಗಿರುತ್ತಾರೆ, ನೋಡುವ ನಮಗೆ ಸಂಕಟ. ಆ ಸಲೀಸುತನ ಎಲ್ಲಿಂದ ಬಂತು? ನಾನು ಹಳಿದ ಆ ವಠಾರದ ಚಿತ್ರಗಳಿಂದಲೇ. ಮಧ್ಯಮವರ್ಗದ ಕನ್ನಡಿಗ ಹೇಗೆ ಮಾತು ತಪ್ಪಿಸುತ್ತಾನೆ, ಹೇಗೆ ಪೆಚ್ಚಾಗುತ್ತಾನೆ, ಹೆಂಡತಿಯನ್ನು ಹೇಗೆ ಕರೆಯುತ್ತಾನೆ ಎಂಬುದನ್ನು ನಲವತ್ತು ವರ್ಷ ಅವರು ಆ ಖಾತೆಯಲ್ಲಿ ಕೂಡಿಟ್ಟಿದ್ದರು. ವೆಂಕೋಬ ರಾವ್ ಆ ಠೇವಣಿಯ ಬಡ್ಡಿ. ಮುಂಬೈಯಲ್ಲಿ ಉಳಿದಿದ್ದರೆ ಒಳ್ಳೆಯ ಪಾತ್ರಗಳು ಸಿಗುತ್ತಿದ್ದವೇನೋ, ಈ ಮನುಷ್ಯ ಸಿಗುತ್ತಿರಲಿಲ್ಲ.

ಆ ಚಿತ್ರವನ್ನು ಪುಣೆಯಲ್ಲಿ ಮಗನ ಜೊತೆ ನೋಡಿದೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಆದರೂ ಕೆಳಗೆ ಬರುವ ಇಂಗ್ಲಿಷ್ ಸಾಲನ್ನೇ ಓದುತ್ತಿದ್ದ. ಹಾಗಾಗಿ ನಗುವ ಕಡೆ ನನಗಿಂತ ಮೊದಲೇ ನಗುತ್ತಿದ್ದ. ಕೊನೆಯ ಭಾಗದಲ್ಲಿ ಮಾತು ಕಡಿಮೆ, ಓದಲು ಏನೂ ಇಲ್ಲ. ಆಗ ಅವನೂ ಅಪ್ಪಯ್ಯನ ಹಾಗೆ ಬರೀ ಮುಖ ನೋಡುತ್ತಾ ಕೂತ. ಹೊರಗೆ ಬಂದು ಕಾರು ತೆಗೆಯುವಾಗ, "ಅಜ್ಜ ಹೇಗಿದ್ರು ಅಪ್ಪ?" ಎಂದು ಕೇಳಿದ. ಎತ್ತರ, ಬಣ್ಣ, ಅಡಿಕೆ ತೋಟ ಇಷ್ಟು ಹೇಳಿದ ಮೇಲೆ ನನ್ನ ಹತ್ತಿರ ಮಾತು ಉಳಿಯಲಿಲ್ಲ.

ಮಗ ಈಗ ಸಿಯಾಟಲ್‌ನಲ್ಲಿದ್ದಾನೆ, ಭಾನುವಾರ ಫೋನ್ ಮಾಡುತ್ತಾನೆ. ಹೋದ ತಿಂಗಳು, ಸದ್ಯಕ್ಕೆ ಊರಿಗೆ ಬರಲಾಗುವುದಿಲ್ಲ, ಆಫೀಸಿನವರು ರಜೆ ಬಿಡುತ್ತಿಲ್ಲ ಅಂದ. "ಆಗಲಿ ಮಾರಾಯ, ಕೆಲಸ ನೋಡಿಕೋ" ಅಂದೆ. ಮರುದಿನ ವಾಕಿಂಗ್‌ನಲ್ಲಿ ಅವನಿಗೆ ಬಡ್ತಿ ಬಂದದ್ದನ್ನು ಎಲ್ಲರಿಗೂ ಹೇಳಿದೆ.